ನಾಳೆಯ ಸೈಟಿನ ಜಾತಕ

ತಮ್ಮ: ಅಕ್ಕ, ಇನ್ಶೂರೆನ್ಸ್ ಕಂಪನಿಯಲ್ಲಿ ಇಷ್ಟು ವರ್ಷ ಯಾರು ಯಾವಾಗ ಸಾಯ್ತಾರೆ ಅಂತ ಲೆಕ್ಕ ಹಾಕ್ಕೊಂಡು ಕೂತವಳು ನೀನು. ಅದಕ್ಕೇ ಕೇಳ್ತಿದ್ದೀನಿ. ನಾಡಿದ್ದು ನಮ್ಮ ಸೈಟಿಗೆ ಒಂದು ಸಾಫ್ಟ್‌ವೇರ್ ಕಂಪನಿಯವರು ಬರ್ತಿದ್ದಾರೆ. ಎಲ್ಲಾ ಕಡೆ ಕ್ಯಾಮೆರಾ ಹಾಕ್ತಾರಂತೆ, ನಮ್ಮ ಹಳೇ ರಿಜಿಸ್ಟರನ್ನೆಲ್ಲ ಕಂಪ್ಯೂಟರಿಗೆ ತುಂಬ್ತಾರಂತೆ, ಮುಂದಿನ ವಾರ ಎಲ್ಲಿ ಅನಾಹುತ ಆಗುತ್ತೆ ಅಂತ ಅದು ಮೊದಲೇ ಹೇಳುತ್ತಂತೆ. ಪ್ರಾಜೆಕ್ಟ್ ಮ್ಯಾನೇಜರ್ ಅರ್ಧ ಒಪ್ಪಿದ್ದಾರೆ. ನನಗಂತೂ ಬೇಕೇ ಬೇಕು.

ಅಕ್ಕ: ಯಾರು, ಯಾವಾಗ ಅಂತ ನಾನು ಯಾವತ್ತೂ ಹೇಳಿಲ್ಲ ಕಣೋ. ಲಕ್ಷ ಜನರಲ್ಲಿ ಈ ವರ್ಷ ಎಷ್ಟು ಜನ ಅಂತ ಹೇಳ್ತಿದ್ದೆ, ಅಷ್ಟೇ. ಇಂಥವನಿಗೆ ಇಂಥ ದಿನ ಅಂತ ಬರೆದುಕೊಟ್ರೆ ಅದು ಜಾತಕ. ನಿನ್ನ ಸಾಫ್ಟ್‌ವೇರಿನವರು ಇದರಲ್ಲಿ ಯಾವುದನ್ನ ಮಾರ್ತಿದ್ದಾರೆ?

ತಮ್ಮ: ಜಾತಕವೇ ಆಗ್ಲಿ ಬಿಡು. ನನ್ನ ಕಷ್ಟ ಬೇರೆ. ಸೇಫ್ಟಿ ಆಫೀಸರ್ ಬಾಯಿಂದ ಬಂದ ಮಾತು ಸೈಟಿನಲ್ಲಿ ಯಾರ ಕಿವಿಗೂ ಹೋಗಲ್ಲ. ಲಿಫ್ಟ್ ಗುಂಡಿಗೆ ಹಲಗೆ ಅಡ್ಡ ಹೊಡೆಸಿ ಅಂತೀನಿ, 'ಆಯ್ತು ಸರ್' ಅಂತಾರೆ. ಸಂಜೆ ಹೋಗಿ ನೋಡಿದ್ರೆ ಅದೇ ಹಲಗೆ ಮೇಲಿನ ಮಹಡಿಯ ಸೆಂಟ್ರಿಂಗಿಗೆ ಹೋಗಿರುತ್ತೆ. ಅದೇ ಮಾತನ್ನ ಒಂದು ಸ್ಕ್ರೀನು ಕೆಂಪು ಅಕ್ಷರದಲ್ಲಿ, ಶೇಕಡಾ 82 ಅಂತ ಹಾಕಿ ಹೇಳಲಿ ನೋಡು, ಮೀಟಿಂಗಿನಲ್ಲಿ ಎಲ್ಲರೂ ನೆಟ್ಟಗೆ ಕೂತ್ಕೋತಾರೆ.

ಅಕ್ಕ: ಹಾಗಾದ್ರೆ ನಿನಗೆ ಬೇಕಾಗಿರೋದು ಭವಿಷ್ಯ ಹೇಳೋ ಯಂತ್ರ ಅಲ್ಲ, ಧ್ವನಿವರ್ಧಕ.

ತಮ್ಮ: ಎರಡೂ ಸೇರಿ ಬಂದ್ರೆ ಬೇಡ ಅಂತೀನಾ? ಅಮೆರಿಕದಲ್ಲಿ ಇದೆಲ್ಲ ಆಗಲೇ ನಡೀತಿದೆ ಅಂತಾನೂ ಹೇಳಿದ್ರು.

ಅಕ್ಕ: ನಡೀತಿದೆ, ಸುಳ್ಳೇನಲ್ಲ. ಬಾಸ್ಟನ್ನಿನಲ್ಲಿ ಸಫೋಕ್ ಅಂತ ದೊಡ್ಡ ಕಟ್ಟಡ ಕಂಪನಿ ಇದೆ. 2018ರ ಹೊತ್ತಿಗೇ ಅವರು ಸ್ಮಾರ್ಟ್‌ವಿಡ್ ಅನ್ನೋ ಕಂಪನಿ ಜೊತೆ ಸೇರಿ, ಸೈಟುಗಳಲ್ಲಿ ದಿನಾ ತೆಗೆಯೋ ಫೋಟೋಗಳನ್ನ ಕಂಪ್ಯೂಟರಿಗೆ ತೋರಿಸಿ, ಯಾರ ಕೈಲಿ ಗ್ಲೌಸ್ ಇಲ್ಲ, ಯಾರು ಎತ್ತರದಲ್ಲಿ ನಿಂತಿದ್ದಾರೆ ಅಂತ ಗುರುತಿಸೋಕೆ ಕಲಿಸಿ, ಅದನ್ನ ಹಳೇ ಅವಘಡಗಳ ದಾಖಲೆ ಜೊತೆ ತಾಳೆ ನೋಡೋಕೆ ಶುರುಮಾಡಿದ್ರು. ಸ್ಮಾರ್ಟ್‌ವಿಡ್ ಆಮೇಲೆ ಹೆಸರು ಬದಲಾಯಿಸಿಕೊಂಡಿತು, 2022ರಲ್ಲಿ ಒರಾಕಲ್‌ನವರು ಅದನ್ನ ಕೊಂಡ್ರು. ಅದಕ್ಕೂ ಮುಂಚೆ, 2016ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾಲೊವೆಲ್ ತಂಡದವರು ಗಾಯದ ವರದಿಗಳಿಂದಲೇ ಒಂದು ಮಾದರಿ ಕಟ್ಟಿದ್ರು. ಅಲ್ಲಿ ಏಣಿ ಇತ್ತಾ, ಸುತ್ತಿಗೆ ಇತ್ತಾ, ಜಾಗ ಇಕ್ಕಟ್ಟಾ, ಇಷ್ಟು ಹೇಳಿದ್ರೆ ಯಾವ ಥರದ ಗಾಯ, ದೇಹದ ಯಾವ ಭಾಗಕ್ಕೆ ಅಂತ ಅದು ಚೆನ್ನಾಗೇ ಊಹಿಸಿತು. ಆದ್ರೆ ಗಾಯ ಎಷ್ಟು ಗಂಭೀರ ಅನ್ನೋದು ಮಾತ್ರ ಅದರ ಕೈಗೆ ಸಿಗಲಿಲ್ಲ.

ತಮ್ಮ: ನನಗೆ ಬೇಕಾಗಿರೋದೇ ಅದು! ಬೆರಳು ಜಜ್ಜೋದು ಯಾರಿಗೆ ಗೊತ್ತಿಲ್ಲ?

ಅಕ್ಕ: ಅದಕ್ಕೇ ಕೇಳ್ತೀನಿ. ನಿನ್ನ ರಿಜಿಸ್ಟರಿನಲ್ಲಿ ಏನಿದೆ? ಅದನ್ನೇ ತಾನೇ ಅವರು ಯಂತ್ರಕ್ಕೆ ತುಂಬೋದು?

ತಮ್ಮ: ಸುಮಾರು ಮುನ್ನೂರು ಜನ ಕೆಲಸ ಮಾಡೋ ಸೈಟು. ಹೋದ ವರ್ಷ ಬರೆದಿಟ್ಟ ಗಾಯ ಎರಡು. ಅದರ ಹಿಂದಿನ ವರ್ಷ ನಾಲ್ಕು. ಈ ಇಳಿಕೆಗೆ ನಮ್ಮ ಹೆಡ್ ಆಫೀಸಿನವರು ಒಂದು ಶೀಲ್ಡ್ ಕೊಟ್ರು.

ಅಕ್ಕ: ಶೀಲ್ಡನ್ನ ವಾಪಸ್ ಕೊಡಬೇಡ, ಆದ್ರೆ ನಂಬಬೇಡ. ಲೆಕ್ಕ ಕೇಳು. ನಿನ್ನ ಸೈಟಿನ ಅಪಾಯ ಒಂದಿಷ್ಟೂ ಹೆಚ್ಚಾಗಲಿಲ್ಲ, ಕಮ್ಮಿಯಾಗಲಿಲ್ಲ, ಸರಾಸರಿ ವರ್ಷಕ್ಕೆ ಎರಡು ಗಾಯ ಅಂತಿಟ್ಕೋ. ಆಗಲೂ ಏಳು ವರ್ಷಕ್ಕೊಮ್ಮೆ ಒಂದೇ ಒಂದು ಗಾಯವೂ ಆಗಲ್ಲ. ಹಾಗೇ ಏಳು ವರ್ಷಕ್ಕೊಮ್ಮೆ ನಾಲ್ಕೋ ಅದಕ್ಕಿಂತ ಹೆಚ್ಚೋ ಆಗುತ್ತೆ. ಯಾರೂ ಏನೂ ಮಾಡಿರಲ್ಲ, ಬರೀ ಅದೃಷ್ಟದ ಏರಿಳಿತ. ಸೊನ್ನೆ ಬಂದ ವರ್ಷ ನಿಮಗೆ ಶೀಲ್ಡು, ನಾಲ್ಕು ಬಂದ ವರ್ಷ ಮೆಮೊ.

ತಮ್ಮ: ನಮ್ಮ ಒಂದು ಸೈಟಿನ ಲೆಕ್ಕ ಸಣ್ಣದು, ಸರಿ. ಎಲ್ಲಾ ಸೈಟೂ ಸೇರಿಸಿದ್ರೆ?

ಅಕ್ಕ: ಅದನ್ನೂ ನೋಡಿದ್ದಾರೆ. ಅಮೆರಿಕದಲ್ಲಿ ಎರಡು ಲಕ್ಷ ಕೆಲಸದ ಗಂಟೆಗೆ ಎಷ್ಟು ಗಾಯ ಅಂತ ಒಂದು ದರ ಲೆಕ್ಕ ಹಾಕ್ತಾರೆ. ನೂರು ಜನ ಒಂದು ವರ್ಷ ದುಡಿದ್ರೆ ಅಷ್ಟು ಗಂಟೆ ಆಗುತ್ತೆ. ಟೆಂಡರ್ ಕೊಡೋದು, ಬೋನಸ್ ಕೊಡೋದು ಎಷ್ಟೋ ಕಡೆ ಈ ದರ ನೋಡ್ಕೊಂಡೇ. ಹ್ಯಾಲೊವೆಲ್ ಅವರದೇ ಇನ್ನೊಂದು ತಂಡ 17 ವರ್ಷದ ದಾಖಲೆ, 3.26 ಲಕ್ಷ ಕೋಟಿ ಕೆಲಸದ ಗಂಟೆ ಒಟ್ಟುಹಾಕಿ ನೋಡಿತು. ಆ ದರದ ಏರಿಳಿತದಲ್ಲಿ ಶೇಕಡಾ 96ರಿಂದ 98 ಭಾಗ ಬರೀ ಆಕಸ್ಮಿಕ ಅಂತ ಗೊತ್ತಾಯ್ತು. ಇನ್ನೂ ಒಂದು ಗೊತ್ತಾಯ್ತು. ಆ ಗಾಯದ ದರಕ್ಕೂ ಸಾವಿಗೂ ಸಂಬಂಧವೇ ಕಾಣಲಿಲ್ಲ.

ತಮ್ಮ: ಏನು? ನಾವು ಟ್ರೈನಿಂಗಿನಲ್ಲಿ ಕಲಿತಿದ್ದೇ ಆ ಪಿರಮಿಡ್ಡು. ಮುನ್ನೂರು ನಿಯರ್ ಮಿಸ್, ಅಂದ್ರೆ ಗಾಯ ಆಗದೆ ತಪ್ಪಿದ ಅವಘಡ, ಆದ್ರೆ ಇಪ್ಪತ್ತೊಂಬತ್ತು ಸಣ್ಣ ಗಾಯ, ಒಂದು ದೊಡ್ಡ ಗಾಯ. ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದ್ದೀವಿ.

ಅಕ್ಕ: ಆ ಪಿರಮಿಡ್ ಕಟ್ಟಿದ ಹೈನ್ರಿಚ್ ನಮ್ಮ ಕುಲದವನೇ, ಇನ್ಶೂರೆನ್ಸಿನವನು. ಟ್ರಾವೆಲರ್ಸ್ ಅನ್ನೋ ಕಂಪನಿಯಲ್ಲಿದ್ದ, 1931ರಲ್ಲಿ ಪುಸ್ತಕ ಬರೆದ. ಅವನ ಮೂಲ ಕಡತಗಳನ್ನ ಆಮೇಲೆ ಹುಡುಕಿದವರಿಗೆ ಅವು ಸಿಗಲಿಲ್ಲ. ಅದಿರಲಿ. ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಿ ಇದೆ, ನಿನ್ನ ರಿಜಿಸ್ಟರಿಗೆ ಅದು ಹೆಚ್ಚು ಸಂಬಂಧಪಟ್ಟಿದ್ದು. ನೂರರಲ್ಲಿ 88 ಅವಘಡಕ್ಕೆ ಕೆಲಸಗಾರನ ತಪ್ಪು ನಡವಳಿಕೆಯೇ ಕಾರಣ ಅಂದ ಅವನು. ಈಗ ನೀನು ಹೇಳು. ನಿನ್ನ ರಿಜಿಸ್ಟರಿನಲ್ಲಿ ಕಾರಣ ಅನ್ನೋ ಕಾಲಂ ಇದೆಯಲ್ಲ, ಅದರಲ್ಲಿ ಏನು ಬರೀತೀರ?

ತಮ್ಮ: ...'ಕೆಲಸಗಾರನ ಅಜಾಗರೂಕತೆ'.

ಅಕ್ಕ: ಯಾವಾಗಲೂ?

ತಮ್ಮ: ಹೆಚ್ಚುಕಮ್ಮಿ ಯಾವಾಗಲೂ. ಬೇರೆ ಏನಾದ್ರೂ ಬರೆದ್ರೆ ಅದು ಬರೆದವನ ಮೇಲೇ ಬರುತ್ತೆ. ಸಾರುವೆ ಸರಿ ಕಟ್ಟಿರಲಿಲ್ಲ ಅಂತ ಬರೆದ್ರೆ ಅದಕ್ಕೆ ಸಹಿ ಹಾಕಿದ ಎಂಜಿನಿಯರ್ ಯಾರು ಅಂತ ಕೇಳ್ತಾರೆ.

ಅಕ್ಕ: ಹೈನ್ರಿಚ್ ನೋಡಿದ್ದೂ ಮೇಲ್ವಿಚಾರಕರು ಬರೆದ ವರದಿಗಳನ್ನೇ. ನಿನ್ನ ಯಂತ್ರ ಕಲಿಯೋದೂ ಆ ಕಾಲಂನಿಂದಲೇ. ಐದು ವರ್ಷದ 'ಅಜಾಗರೂಕತೆ'ಯನ್ನ ಅದಕ್ಕೆ ಉಣಿಸಿದ್ರೆ, ಆರನೇ ವರ್ಷ ಅದು ಏನು ಭವಿಷ್ಯ ಹೇಳುತ್ತೆ? ಇಂಥ ಊರಿನ, ಇಂಥ ವಯಸ್ಸಿನ, ಇಂಥ ಗುತ್ತಿಗೆದಾರನ ಕೆಳಗಿನ ಹುಡುಗ ಅಪಾಯಕಾರಿ ಅಂತ ಒಂದು ಪಟ್ಟಿ ಕೊಡುತ್ತೆ. ಆ ಪಟ್ಟಿ ಲೇಬರ್ ಕಾಂಟ್ರಾಕ್ಟರ್ ಕೈಗೆ ಹೋದ್ರೆ ಆ ಹುಡುಗನಿಗೆ ಮಾರನೇ ದಿನ ಕೆಲಸ ಇರಲ್ಲ. ಮಿಕ್ಕವರು ಏನು ಕಲೀತಾರೆ? ಗಾಯ ಆದ್ರೆ ಮುಚ್ಚಿಡು, ಅಂತ. ನಿನ್ನ ರಿಜಿಸ್ಟರ್ ಇನ್ನೂ ಚೊಕ್ಕ ಆಗುತ್ತೆ. ಇನ್ನೊಂದು ಶೀಲ್ಡು.

ತಮ್ಮ: ನೀನು ಸಹಾಯ ಮಾಡ್ತೀಯ ಅಂತ ಬಂದ್ರೆ ಎಲ್ಲಾ ಕೆಡವಿ ಹಾಕ್ತಿದ್ದೀಯಲ್ಲ ಅಕ್ಕ. ಸರಿ, ಮನುಷ್ಯನ ಮೇಲೆ ಅಂಕಿ ಹಾಕೋದು ಬೇಡ. ಹೆಲ್ಮೆಟ್ ಹಾಕಿಲ್ಲ, ಬೆಲ್ಟ್ ಸಿಕ್ಕಿಸಿಲ್ಲ ಅಂತ ಕ್ಯಾಮೆರಾ ಕೂಗಿದ್ರೆ ತಪ್ಪೇನು?

ಅಕ್ಕ: ಬೆಲ್ಟಿಗೆ ನನ್ನ ತಕರಾರಿಲ್ಲ, ಅದನ್ನ ಸಿಕ್ಕಿಸೋಕೆ ಗಟ್ಟಿ ಜಾಗ ಒಂದು ಇದ್ರೆ. ಹೆಲ್ಮೆಟ್ ವಿಷಯಕ್ಕೆ ಬಾ. ನಿಮ್ಮ ಗೋಡೆಗೆ ಯಾವ ಬ್ಲಾಕು?

ತಮ್ಮ: ಆರಿಂಚಿನ ಸಾಲಿಡ್ ಬ್ಲಾಕು. ಒಂದೊಂದು ಇಪ್ಪತ್ತೈದು ಕೆಜಿ ತೂಗುತ್ತೆ.

ಅಕ್ಕ: ಎರಡು ಮಹಡಿ ಮೇಲಿಂದ, ಅಂದ್ರೆ ಆರು ಮೀಟರಿಂದ, ಅದು ಬಿದ್ದರೆ ಎಷ್ಟು ಶಕ್ತಿ? ಇಪ್ಪತ್ತೈದು, ಒಂಬತ್ತು ಪಾಯಿಂಟ್ ಎಂಟು, ಆರು, ಮೂರನ್ನೂ ಗುಣಿಸು. 1,470 ಜೂಲ್. ಯುರೋಪಿನ ಹೆಲ್ಮೆಟ್ ಪರೀಕ್ಷೆಯಲ್ಲಿ ಐದು ಕೆಜಿ ತೂಕವನ್ನ ಒಂದು ಮೀಟರ್ ಎತ್ತರದಿಂದ ಬೀಳಿಸ್ತಾರೆ. ಅದು 49 ಜೂಲ್. ಮೂವತ್ತು ಪಟ್ಟು ವ್ಯತ್ಯಾಸ. ಹೆಲ್ಮೆಟ್ ಹಾಕ್ಕೋಬೇಕು, ನಟ್ಟು ಬೋಲ್ಟು, ಸಣ್ಣ ಕಲ್ಲು ತಲೆ ಒಡೀದೆ ಇರಲಿ ಅಂತ. ಆದ್ರೆ ನಿನ್ನ ಕ್ಯಾಮೆರಾ ಸಾವಿರ ಸಲ ಹೆಲ್ಮೆಟ್ ಹೆಲ್ಮೆಟ್ ಅಂತ ಕೂಗ್ತಾ ಇರುವಾಗ, ಬ್ಲಾಕು ಯಾಕೆ ಸ್ಲ್ಯಾಬಿನ ಅಂಚಿನಲ್ಲಿ ಪೇರಿಸಿಟ್ಟಿದ್ದಾರೆ ಅಂತ ಯಾರು ಕೇಳ್ತಾರೆ?

ತಮ್ಮ: ಆ ಜೂಲಿನ ಲೆಕ್ಕ ಎಲ್ಲಿಂದ ತಂದೆ?

ಅಕ್ಕ: ಅದೂ ಕೊಲರಾಡೊದವರದೇ. ನಾನು ಆ ಪ್ರಬಂಧಗಳನ್ನ ಕಥೆಪುಸ್ತಕದ ಥರ ಓದ್ತೀನಿ, ನಿನ್ನ ಭಾವ ನಗ್ತಾರೆ. ಸಾವಿರದ ಐನೂರು ಜೂಲ್ ದಾಟಿದ ಶಕ್ತಿ ಮನುಷ್ಯನನ್ನ ಮುಟ್ಟಿದ್ರೆ ಸಾವು ಅಥವಾ ಬದುಕು ಬದಲಾಯಿಸೋ ಗಾಯವೇ ಹೆಚ್ಚು ಸಂಭವ ಅಂತ ಅವರು ಒಂದು ಗೆರೆ ಎಳೆದಿದ್ದಾರೆ. ಎಪ್ಪತ್ತೈದು ಕೆಜಿ ಆಳು ಎರಡು ಮೀಟರ್ ಎತ್ತರದಿಂದ ಬಿದ್ದರೂ ಆ ಗೆರೆ ಹತ್ತಿರವೇ ಬಂತು. ಈ ಗೆರೆಯ ಗುಣ ಏನು ಗೊತ್ತಾ? ಅವಘಡ ಆಗೋವರೆಗೂ ಕಾಯಬೇಕಿಲ್ಲ. ಇವತ್ತು ಬೆಳಿಗ್ಗೆ ಸೈಟಿನಲ್ಲಿ ಗೆರೆ ದಾಟಿದ ಶಕ್ತಿ ಎಲ್ಲೆಲ್ಲಿದೆ, ಅದಕ್ಕೆ ತಡೆ ಇದೆಯಾ ಇಲ್ವಾ, ಇಷ್ಟನ್ನ ದಿನಾ ಎಣಿಸಬಹುದು. ತೂಗಾಡೋ ಕ್ರೇನಿನ ಭಾರ, ತೋಡಿದ ಬೇಸ್‌ಮೆಂಟಿನ ಮಣ್ಣಿನ ಗೋಡೆ, ಹಸಿ ಸ್ಲ್ಯಾಬು, ತೆರೆದ ಲಿಫ್ಟ್ ಗುಂಡಿ. ವರ್ಷಕ್ಕೆ ಎರಡು ಗಾಯ ಇಟ್ಕೊಂಡು ಯಾವ ಯಂತ್ರವೂ ಏನೂ ಕಲಿಯಲ್ಲ. ದಿನಕ್ಕೆ ನಲವತ್ತು ಅಪಾಯ, ಅದರಲ್ಲಿ ಹನ್ನೊಂದಕ್ಕೆ ತಡೆ ಇಲ್ಲ ಅಂತ ಬರೆದಿಟ್ರೆ ಆರು ತಿಂಗಳಲ್ಲಿ ಕಲಿಯೋಕೆ ಬೇಕಾದಷ್ಟು ಸಿಗುತ್ತೆ.

ತಮ್ಮ: ಅದನ್ನ ಎಣಿಸೋನು ನಾನೇ ತಾನೇ?

ಅಕ್ಕ: ಇನ್ಯಾರು? ಕ್ಯಾಮೆರಾ ಒಂದಿಷ್ಟು ಸಹಾಯ ಮಾಡಬಹುದು. ಗುಂಡಿಗೆ ಅಡ್ಡಪಟ್ಟಿ ಇದೆಯೋ ಇಲ್ವೋ ಅಂತ ನೋಡೋಕೆ ಅದನ್ನ ತಿರುಗಿಸಿ ನಿಲ್ಲಿಸಿದ್ರೆ ನಾನೇ ದುಡ್ಡು ಕೊಡು ಅಂತೀನಿ. ಆದ್ರೆ ಕ್ಯಾಮೆರಾಗಿಂತ ಮುಂಚೆ, ನಿಮ್ಮ ಆಫೀಸಿನಲ್ಲಿ ಆಗಲೇ ಬಿದ್ದಿರೋ ಕಾಗದಗಳು ಏನೇನು? ಹೇಳ್ತಾ ಹೋಗು.

ತಮ್ಮ: ಗೇಟಿನಲ್ಲಿ ಮುಖ ತೋರಿಸಿ ಹಾಜರಿ ಹಾಕೋ ಮೆಷಿನ್ನು. ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗಿನ ಸಹಿ ಪುಸ್ತಕ. ಎತ್ತರದ ಕೆಲಸದ ಪರ್ಮಿಟ್ಟು. ಕಾಂಕ್ರೀಟ್ ಹಾಕಿದ ದಿನದ ಪೋರ್ ಕಾರ್ಡು. ಕ್ಯೂಬ್ ಟೆಸ್ಟು. ಪ್ಲಾನಿಂಗ್‌ನವರ ಶೆಡ್ಯೂಲು. ಸ್ಟೋರಿನ ಒಳಗೆ-ಹೊರಗೆ ಲೆಕ್ಕ. ಓಟಿ ಶೀಟು.

ಅಕ್ಕ: ಚಿನ್ನ ಇಟ್ಕೊಂಡು ಕೂತಿದ್ದೀಯಲ್ಲೋ! ಹಾಜರಿ ಮೆಷಿನ್ನಿಂದಲೇ ಶುರುಮಾಡು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಾಯದ ಅಪಾಯ, ವರ್ಷದ ಮೇಲೆ ಅಲ್ಲೇ ಇದ್ದವರಿಗಿಂತ ಮೂರು ಪಟ್ಟು ಹೆಚ್ಚು ಅಂತ ಟೊರಾಂಟೊದ ಒಂದು ಸಂಶೋಧನಾ ಸಂಸ್ಥೆ ಮತ್ತೆ ಮತ್ತೆ ತೋರಿಸಿದೆ. ನಾಳೆ ಎಂಟನೇ ಮಹಡಿಗೆ ಹೋಗೋ ಗ್ಯಾಂಗಿನಲ್ಲಿ ಎಷ್ಟು ಜನ ಹೊಸಬರು ಅಂತ ಆ ಮೆಷಿನ್ನಿಗೆ ಇವತ್ತು ಸಂಜೆಯೇ ಗೊತ್ತಿರುತ್ತೆ.

ತಮ್ಮ: ಅದು ನಿಜ. ರಾಯಚೂರು, ಯಾದಗಿರಿ ಕಡೆಯವರು ಊರಿನ ಬಿತ್ತನೆಗೆ ಹೋಗ್ತಾರೆ, ಬಿಹಾರದವರು ಛಠ್ ಪೂಜೆಗೆ ಹೋಗ್ತಾರೆ. ಆಗ ಕಾಂಟ್ರಾಕ್ಟರು ಯಾರನ್ನೋ ಹಿಡ್ಕೊಂಡು ಬರ್ತಾನೆ. ಒಡಿಶಾದ ಹುಡುಗರು, ಕನ್ನಡ ಬರಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ನಾನು ಬೆಳಿಗ್ಗೆ ಮಾತಾಡಿದ್ದು ಅರ್ಧ ಜನಕ್ಕೆ ತಲುಪಲ್ಲ, ಸಹಿ ಮಾತ್ರ ಎಲ್ಲರದೂ ಇರುತ್ತೆ.

ಅಕ್ಕ: ಹಾಗಿದ್ರೆ ಸಹಿ ಪುಸ್ತಕವನ್ನ ಯಂತ್ರಕ್ಕೆ ಕೊಡಬೇಡ, ಅದು ಸುಳ್ಳು ಕಲಿಯುತ್ತೆ. ಹೊಸಬರ ಎಣಿಕೆ ಕೊಡು. ಶನಿವಾರದ ಕಾಂಕ್ರೀಟು ಯಾವುದು ಅಂತ ಕೊಡು.

ತಮ್ಮ: ಶನಿವಾರ ನಿನಗೆ ಹೇಗೆ ಗೊತ್ತಾಯ್ತು?

ಅಕ್ಕ: ಭಾನುವಾರ ಬಟವಾಡೆ ಅಲ್ವಾ? ಅದಕ್ಕೆ ಮುಂಚೆ ಮುಗಿಸಬೇಕು ಅಂತ ರಾತ್ರಿ ಹನ್ನೊಂದರವರೆಗೂ ಪಂಪು ನಡೀತಿರುತ್ತೆ. ನಮ್ಮ ಮನೆ ಪಕ್ಕದ ಸೈಟಿನಲ್ಲಿ ನೋಡ್ತಾನೇ ಇರ್ತೀನಿ. ಈಗ ಮುಖ್ಯವಾದ್ದು. ಹಸಿ ಸ್ಲ್ಯಾಬನ್ನ ಕೆಳಗಿಂದ ಹೊತ್ತು ನಿಲ್ಲೋ ಜಾಕಿನ ಲೆಕ್ಕ ಹೇಳು. ಒಂದು ಸ್ಲ್ಯಾಬಿಗೆ ಎಷ್ಟು ಬೇಕು?

ತಮ್ಮ: ಆರುನೂರು ಅಂತ ಇಟ್ಕೋ.

ಅಕ್ಕ: ಕಾಂಕ್ರೀಟ್ ಹಾಕಿದ ಮೇಲೆ ಎಷ್ಟು ದಿನ ಬಿಡಬೇಕು?

ತಮ್ಮ: ಕೋಡಿನ ಪ್ರಕಾರ, ಐಎಸ್ 456ರಲ್ಲಿ, ಸ್ಲ್ಯಾಬಿನ ಸ್ಪ್ಯಾನ್, ಅಂದ್ರೆ ಆಸರೆಗಳ ನಡುವಿನ ಅಂತರ, ನಾಲ್ಕೂವರೆ ಮೀಟರ್ ಒಳಗಿದ್ರೆ ಏಳು ದಿನ, ಅದಕ್ಕಿಂತ ಹೆಚ್ಚಿದ್ರೆ ಹದಿನಾಲ್ಕು. ಆರು ಮೀಟರ್ ಮೇಲಿನ ಬೀಮಿಗೆ ಇಪ್ಪತ್ತೊಂದು. ಅದೂ ಸಾಮಾನ್ಯ ಸಿಮೆಂಟಿಗೆ. ಬೂದಿ ಬೆರೆಸಿದ ಸಿಮೆಂಟು ನಿಧಾನ, ಅದಕ್ಕೆ ಇನ್ನೂ ತಾಳ್ಮೆ ಬೇಕು. ನಮ್ಮದು ದೊಡ್ಡ ಸ್ಲ್ಯಾಬು, ಹದಿನಾಲ್ಕು ದಿನ.

ಅಕ್ಕ: ಕಾಂಕ್ರೀಟಿಗೆ ಮುಂಚೆ ಜಾಕ್ ನಿಲ್ಲಿಸಿ, ಹಲಗೆ ಹಾಸಿ, ಕಂಬಿ ಕಟ್ಟೋಕೆ?

ತಮ್ಮ: ನಾಲ್ಕು ದಿನ.

ಅಕ್ಕ: ಅಂದ್ರೆ ಒಂದು ಜೊತೆ ಜಾಕು ಹದಿನೆಂಟು ದಿನ ಒಂದೇ ಕಡೆ ನಿಂತಿರುತ್ತೆ. ಎಂಟು ದಿನಕ್ಕೊಂದು ಸ್ಲ್ಯಾಬ್ ಹಾಕಿದ್ರೆ ನಿನಗೆ ಎರಡೂಕಾಲು ಜೊತೆ ಬೇಕು, 1,350 ಜಾಕು. ಸ್ಟೋರಿನಲ್ಲಿ ಎಷ್ಟಿದೆ?

ತಮ್ಮ: ಸಾವಿರದ ಐನೂರು ಬಾಡಿಗೆಗೆ ತಂದಿದ್ದಾರೆ.

ಅಕ್ಕ: ನೆಮ್ಮದಿ. ಈಗ ಕೆಲಸ ಹಿಂದೆ ಬಿದ್ದಿದೆ, ಗ್ರಾಹಕರು ಕೂಗಾಡ್ತಿದ್ದಾರೆ, ಎಂಟರ ಬದಲು ಆರು ದಿನಕ್ಕೊಂದು ಸ್ಲ್ಯಾಬು ಅಂತ ಶೆಡ್ಯೂಲ್ ಬದಲಾಯ್ತು. ಆಗ ಬೇಕಾಗಿರೋದು ಮೂರು ಜೊತೆ, 1,800. ಕಮ್ಮಿ ಬೀಳೋ ಮುನ್ನೂರು ಎಲ್ಲಿಂದ ಬರುತ್ತೆ?

ತಮ್ಮ: ...ಕೆಳಗಿನ ಸ್ಲ್ಯಾಬಿನಿಂದ.

ಅಕ್ಕ: ಯಾವ ದಿನ?

ತಮ್ಮ: ಹತ್ತನೇ ದಿನ, ಹನ್ನೊಂದನೇ ದಿನ. ಯಾರೂ ಆರ್ಡರ್ ಕೊಟ್ಟಿರಲ್ಲ ಅಕ್ಕ. ಸೆಂಟ್ರಿಂಗ್ ಮೇಸ್ತ್ರಿ ಸ್ಟೋರಿಗೆ ಹೋಗ್ತಾನೆ, ಜಾಕ್ ಇಲ್ಲ ಅಂತಾರೆ. ಗ್ಯಾಂಗು ಕೈಕಟ್ಟಿ ಕೂತಿರುತ್ತೆ, ಅವನದು ಅಡಿ ಲೆಕ್ಕದ ಗುತ್ತಿಗೆ. ಕೆಳಗೆ ಹೋಗಿ ಒಂದು ಬಿಟ್ಟು ಒಂದು ಬಿಚ್ಚಿಸ್ತಾನೆ. ಆ ಹೊತ್ತಿಗೆ ಮೇಲಿನ ಹಸಿ ಕಾಂಕ್ರೀಟಿನ ಭಾರ ಎಲ್ಲಾ ಆ ಕೆಳಗಿನ ಸ್ಲ್ಯಾಬಿನ ಮೇಲೇ ಕೂತಿರುತ್ತೆ.

ಅಕ್ಕ: ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಯ್ತಾ? ಶೆಡ್ಯೂಲ್ ಬದಲಾದ ದಿನವೇ, ಇನ್ನು ಎಷ್ಟು ದಿನಕ್ಕೆ, ಯಾವ ಮಹಡಿಯಲ್ಲಿ ಜಾಕು ಕದಿಯೋ ಒತ್ತಡ ಬರುತ್ತೆ ಅಂತ ಗುಣಾಕಾರ ಭಾಗಾಕಾರದಲ್ಲೇ ಹೇಳಬಹುದಿತ್ತು. ಪ್ಲಾನಿಂಗ್‌ನವರ ಕಂಪ್ಯೂಟರಿನಲ್ಲಿ ಒಂದು ಅಂಕಿ, ಸ್ಟೋರಿನವನ ಪುಸ್ತಕದಲ್ಲಿ ಇನ್ನೊಂದು, ಪೋರ್ ಕಾರ್ಡಿನಲ್ಲಿ ಮತ್ತೊಂದು. ಮೂರೂ ಒಂದು ಕಡೆ ಬಂದಿರಲಿಲ್ಲ, ಅಷ್ಟೇ. ನಿನ್ನ ಸಾಫ್ಟ್‌ವೇರಿನವರು ಈ ಮೂರನ್ನ ಸೇರಿಸಿಕೊಟ್ರೆ ಅವರಿಗೆ ನಾನೇ ಹಾರ ಹಾಕ್ತೀನಿ.

ತಮ್ಮ: ಇದು ಭವಿಷ್ಯ ಹೇಳೋದು ಅಂತ ನನಗೆ ಹೊಳೆದೇ ಇರಲಿಲ್ಲ ನೋಡು. ನಮ್ಮ ತಲೆಯಲ್ಲಿ ಇದು ಸ್ಟೋರಿನ ತಲೆನೋವು.

ಅಕ್ಕ: ಗಾಳಿಯೂ ಹಾಗೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಬೀಸುತ್ತಲ್ಲ, ಅದು ಬರೋ ದಿನ ಬೆಳಿಗ್ಗೆಯೇ ಹವಾಮಾನ ಇಲಾಖೆಯ ಮುನ್ಸೂಚನೆ ಇರುತ್ತೆ. ಆ ದಿನ ಕಂಬದ ಕಂಬಿಯ ಪಂಜರ ಆಸರೆ ಇಲ್ಲದೆ ನಿಂತಿದೆಯಾ, ಕ್ರೇನಿನಲ್ಲಿ ಅಗಲವಾದ ಶಟರಿಂಗ್ ಹಲಗೆ ಎತ್ತೋ ಕೆಲಸ ಸಂಜೆಗೆ ಇಟ್ಟಿದ್ದಾರಾ ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋರು ಬೇಕು.

ತಮ್ಮ: ಪಂಜರ ಅಂದಾಗ 2023ರ ಜನವರಿ ನೆನಪಾಗುತ್ತೆ. ನಾಗವಾರದ ಹತ್ತಿರ ಮೆಟ್ರೊ ಕಂಬದ ಕಂಬಿಪಂಜರ ರಸ್ತೆಗೆ ಬಿತ್ತಲ್ಲ. ದ್ವಿಚಕ್ರ ವಾಹನದಲ್ಲಿ ಹೋಗ್ತಿದ್ದ ತಾಯಿ, ಎರಡೂವರೆ ವರ್ಷದ ಮಗು, ಇಬ್ಬರೂ ಹೋದ್ರು. ಗಾಳಿಗೆ ಬಿದ್ದದ್ದಲ್ಲ ಅದು, ಆದ್ರೂ ಆ ವಾರ ನಮ್ಮ ಸೈಟಿನಲ್ಲಿ ಎಲ್ಲಾ ಪಂಜರಕ್ಕೂ ಹಗ್ಗ ಬಿಗಿದಿದ್ವಿ. ತಿಂಗಳಾದ ಮೇಲೆ ಹಗ್ಗ ಬೇರೆ ಕೆಲಸಕ್ಕೆ ಹೋಯ್ತು.

ಅಕ್ಕ: ಆ ಹಗ್ಗ ಯಾವತ್ತು ಹೋಯ್ತು ಅಂತ ಬರೆದಿಟ್ಟಿದ್ರೆ ಅದೇ ನಿನ್ನ ಅತ್ಯುತ್ತಮ ದಾಖಲೆ ಆಗಿರ್ತಿತ್ತು.

ತಮ್ಮ: ಸರಿ, ಎಲ್ಲಾ ಸೇರಿಸಿದ್ವಿ ಅಂತಿಟ್ಕೋ. ಹೊಸಬರು, ಜಾಕು, ಗಾಳಿ, ಓಟಿ. ಯಂತ್ರ ಹೇಳ್ತು, ನಾಳೆ ಕೆಂಪು. ಎಷ್ಟು ಸಲ ನಿಜ ಹೇಳುತ್ತೆ?

ಅಕ್ಕ: ಒಳ್ಳೇ ಯಂತ್ರ ಅಂತಲೇ ಇಟ್ಕೋ. ವರ್ಷಕ್ಕೆ ಮುನ್ನೂರು ಕೆಲಸದ ದಿನ, ಅದರಲ್ಲಿ ನಿಜಕ್ಕೂ ಕೆಟ್ಟ ದಿನ ಮೂರು. ಹತ್ತು ಕೆಟ್ಟ ದಿನದಲ್ಲಿ ಒಂಬತ್ತನ್ನ ಹಿಡಿಯುತ್ತೆ. ಒಳ್ಳೇ ದಿನಗಳಲ್ಲಿ ಹತ್ತಕ್ಕೆ ಒಂದು ಸಲ ಸುಮ್ಮನೆ ಕೂಗುತ್ತೆ. ಹೀಗಿದ್ರೆ ಮೂರು ಕೆಟ್ಟ ದಿನಕ್ಕೆ ಹೆಚ್ಚುಕಮ್ಮಿ ಮೂರು ಕೂಗು ಸಿಕ್ಕಿತು, ಮಿಕ್ಕ 297 ದಿನದಿಂದ ಮೂವತ್ತು ಕೂಗು. ಒಟ್ಟು ಮೂವತ್ತಮೂರರಲ್ಲಿ ಮೂರು ನಿಜ.

ತಮ್ಮ: ಮುಗೀತು ಕಥೆ. ನಾಲ್ಕನೇ ಕೂಗಿಗೆ ಮ್ಯಾನೇಜರ್ ಅದನ್ನ ಆರಿಸಿಬಿಡ್ತಾರೆ.

ಅಕ್ಕ: ಕೂಗಿದಾಗಲೆಲ್ಲ ಕೆಲಸ ನಿಲ್ಲಿಸು ಅಂದ್ರೆ ಆರಿಸ್ತಾರೆ. ಮೂವತ್ತಮೂರು ದಿನ ಬೆಳಿಗ್ಗೆ ಏಳಕ್ಕೆ ನೀನೂ ಸೆಂಟ್ರಿಂಗ್ ಮೇಸ್ತ್ರಿಯೂ ಆ ಮಹಡಿಗೆ ಅರ್ಧ ಗಂಟೆ ಹೆಚ್ಚಿಗೆ ಹೋಗಿ ನೋಡ್ಕೊಂಡು ಬನ್ನಿ ಅಂದ್ರೆ ಯಾರಿಗೆ ನಷ್ಟ? ನೋಡಿದ್ರೆ ಜಾಕ್ ಎಲ್ಲಾ ನಿಂತಿದೆ, ಸರಿ, ಇಳಿದು ಬಂದು ಟೀ ಕುಡೀರಿ. ಹನ್ನೊಂದನೇ ಸಲ ಹೋದಾಗ ಒಂದು ಬಿಟ್ಟು ಒಂದು ಬಿಚ್ಚಿರುತ್ತೆ. ಆಗ ನಿಲ್ಲಿಸಿ. ನಿಲ್ಲಿಸೋಕೆ ಕಾರಣ ಕಣ್ಣೆದುರೇ ಇರುತ್ತೆ. ಸ್ಕ್ರೀನು ಹೇಳ್ತು ಅಂತ ನಿಲ್ಲಿಸಿದ ಹಾಗಾಗಲ್ಲ.

ತಮ್ಮ: ಇದು ಒಪ್ಪೋ ಮಾತು. ಆದ್ರೆ ಒಂದು ನನ್ನ ಹೊಟ್ಟೆಯಲ್ಲಿ ಕೂತಿದೆ. ನಮ್ಮ ಸೈಟಿನಲ್ಲಿ ಕೊನೇ ಪಕ್ಷ ನಾನಿದ್ದೀನಿ, ರಿಜಿಸ್ಟರ್ ಇದೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದ್ರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಇನ್ನೊಂದು, 9 ಜನ. ಅಲ್ಲಿ ಯಾವ ಕ್ಯಾಮೆರಾ, ಯಾವ ಪೋರ್ ಕಾರ್ಡು? ಸೇಫ್ಟಿ ಕಮಿಟಿ ಇರಬೇಕು ಅಂತ ಆಗ ಇದ್ದ 1996ರ ಕಾಯ್ದೆಯಲ್ಲಿ ಬರೆದಿದ್ದದ್ದು ಐನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ ಮಾತ್ರ. ಹತ್ತು ಜನಕ್ಕಿಂತ ಕಮ್ಮಿ ಇದ್ರೆ ಆ ಕಾಯ್ದೆಯೇ ಅನ್ವಯಿಸ್ತಿರಲಿಲ್ಲ. ಮೂವತ್ತಕ್ಕೆ ನಲವತ್ತು ಅಡಿಯ ಸೈಟಿನಲ್ಲಿ ಐದು ಮಹಡಿ ಎತ್ತೋನು ಒಂದು ಸಲಕ್ಕೆ ಎಂಟೇ ಜನರನ್ನ ಇಟ್ಕೋತಾನೆ.

ಅಕ್ಕ: ಇದೇ ಈ ಇಡೀ ವಿದ್ಯೆಯ ದೊಡ್ಡ ತೂತು. ಮಾಹಿತಿ ಬರೋದು ಆಗಲೇ ಯಾರೋ ಕಣ್ಣಿಟ್ಟಿರೋ ಜಾಗದಿಂದ. ಕಣ್ಣೇ ಇಲ್ಲದ ಕಡೆ ಯಂತ್ರಕ್ಕೂ ಕತ್ತಲೆ, ಕತ್ತಲೆಯನ್ನ ಅದು ಸುರಕ್ಷಿತ ಅಂತ ಓದಿಕೊಳ್ಳುತ್ತೆ. ಆದ್ರೆ ಆ ಕಡೆ ಪೂರ್ತಿ ದಾರಿ ಇಲ್ಲ ಅಂತೇನಿಲ್ಲ. ನ್ಯೂಯಾರ್ಕ್ ನಗರಪಾಲಿಕೆಗೆ ವರ್ಷಕ್ಕೆ ಸುಮಾರು 25,000 ದೂರು ಬರ್ತಿದ್ವು, ಮನೆಗಳನ್ನ ಅಕ್ರಮವಾಗಿ ಸಣ್ಣ ಸಣ್ಣ ಕೋಣೆ ಮಾಡಿ ಬಾಡಿಗೆಗೆ ತುಂಬಿದ್ದಾರೆ ಅಂತ. ಅಂಥ ಕಡೆ ಬೆಂಕಿ ಬಿದ್ರೆ ಜನ ಒಳಗೇ ಸಾಯ್ತಾರೆ. ನೋಡೋಕೆ ಇದ್ದ ಇನ್ಸ್‌ಪೆಕ್ಟರ್‌ಗಳು ಇನ್ನೂರು. ಮೈಕ್ ಫ್ಲವರ್ಸ್ ಅನ್ನೋ ವಕೀಲ, ಪಾಲಿಕೆಯ ಬೇರೆ ಬೇರೆ ಇಲಾಖೆಯ ಪಟ್ಟಿಗಳನ್ನ ಒಟ್ಟುಮಾಡಿಸಿದ. ತೆರಿಗೆ ಬಾಕಿ, ಇಲಿ ಕಾಟದ ದೂರು, ಕಟ್ಟಡದ ವಯಸ್ಸು, ಇಂಥವು. ಮೊದಲು ನೂರು ಕಡೆ ಹೋದ್ರೆ ಹದಿಮೂರು ಕಡೆ ಮನೆ ಖಾಲಿ ಮಾಡಿಸೋಷ್ಟು ಅಪಾಯ ಸಿಗ್ತಿತ್ತು. ಪಟ್ಟಿ ನೋಡ್ಕೊಂಡು ಹೋಗೋಕೆ ಶುರುಮಾಡಿದ ಮೇಲೆ ಎಪ್ಪತ್ತಕ್ಕೂ ಹೆಚ್ಚು ಕಡೆ.

ತಮ್ಮ: ಇಲಿ ಕಾಟದಿಂದ?

ಅಕ್ಕ: ಇಟ್ಟಿಗೆಯಿಂದಲೂ. ಒಬ್ಬ ಅನುಭವಿ ಇನ್ಸ್‌ಪೆಕ್ಟರ್ ಒಂದು ಕಟ್ಟಡ ನೋಡಿ, ಇದು ಸರಿಯಾಗಿದೆ, ಹೊರಗೋಡೆಗೆ ಹೊಸ ಇಟ್ಟಿಗೆ ಕೆಲಸ ಮಾಡಿಸಿದ್ದಾರಲ್ಲ, ಮಾಲೀಕನಿಗೆ ಕಾಳಜಿ ಇದೆ ಅಂದ. ಹೊರಗೋಡೆಯ ಇಟ್ಟಿಗೆ ಕೆಲಸಕ್ಕೆ ತಗೊಂಡ ಪರವಾನಗಿಗಳನ್ನ ಲೆಕ್ಕಕ್ಕೆ ಸೇರಿಸಿ ನೋಡಿದ್ರು. ಅಂಥ ಕಟ್ಟಡಗಳಲ್ಲಿ ದೊಡ್ಡ ಬೆಂಕಿ ನಿಜವಾಗಿಯೂ ಕಮ್ಮಿ. ಕಣ್ಣಿಗೆ ಗೊತ್ತಿದ್ದನ್ನ ಕಂಪ್ಯೂಟರಿಗೆ ಕಲಿಸಿದ್ದು ಅದು. ಇಲ್ಲೂ ಏನಿಲ್ಲ? ಕಟ್ಟೋಕೆ ಮುಂಚೆ ಬೆಸ್ಕಾಂನಿಂದ ತಾತ್ಕಾಲಿಕ ಕರೆಂಟ್ ತಗೋಬೇಕು. ನಕ್ಷೆ ಮಂಜೂರು ಮಾಡಿಸುವಾಗ ಶೇಕಡಾ ಒಂದರಷ್ಟು ಕಾರ್ಮಿಕ ಸೆಸ್ ಕಟ್ಟಬೇಕು. ನಕ್ಷೆಯಲ್ಲಿ ಮೂರು ಮಹಡಿ, ಅಕ್ಕಪಕ್ಕದವರ ದೂರಿನಲ್ಲಿ ಆರು ಮಹಡಿ. ಎಷ್ಟು ತಿಂಗಳಿಂದ ತಾತ್ಕಾಲಿಕ ಮೀಟರ್ ಓಡ್ತಿದೆ, ಮಳೆಗಾಲ ಹತ್ತಿರ ಬಂತಾ, ಪಕ್ಕದಲ್ಲಿ ಬೇಸ್‌ಮೆಂಟ್ ತೋಡ್ತಿದ್ದಾರಾ. ಪಾಲಿಕೆಯ ಎಂಜಿನಿಯರಿಗೆ ನಾಳೆ ಮೊದಲು ಯಾವ ಹತ್ತು ಕಡೆ ಹೋಗಬೇಕು ಅನ್ನೋ ಪಟ್ಟಿ ಇದರಿಂದ ಬರುತ್ತೆ.

ತಮ್ಮ: ಪಟ್ಟಿ ಬರುತ್ತೆ. ಅವರು ಹೋಗಿ ಏನು ಮಾಡ್ತಾರೆ ಅನ್ನೋದು ಬೇರೆ ಪುರಾಣ.

ಅಕ್ಕ: ಆ ಪುರಾಣಕ್ಕೆ ನನ್ನ ಹತ್ರ ಲೆಕ್ಕ ಇಲ್ಲ. ನಿನ್ನ ಸೈಟಿಗೇ ವಾಪಸ್ ಬರೋಣ. ಯಂತ್ರ ಕೆಂಪು ತೋರಿಸ್ತು, ಬೆಳಿಗ್ಗೆ ಹೋಗಿ ನೋಡಿದೆ, ಜಾಕ್ ಬಿಚ್ಚಿದ್ದಾರೆ. ಕೆಲಸ ನಿಲ್ಲಿಸೋ ಅಧಿಕಾರ ನಿನಗಿದೆಯಾ?

ತಮ್ಮ: ಕಾಗದದ ಮೇಲೆ ನನ್ನ ಕೆಲಸ ಸಲಹೆ ಕೊಡೋದು. ಸಂಬಳ ಕೊಡೋನು ಕಾಂಟ್ರಾಕ್ಟರು. ಮ್ಯಾನೇಜರಿಗೆ ಹೇಳ್ತೀನಿ, ಅವರು ಸ್ಟ್ರಕ್ಚರಲ್ ಎಂಜಿನಿಯರನ್ನ ಕೇಳೋಣ ಅಂತಾರೆ, ಅವರು ಫೋನ್ ಎತ್ತೋ ಹೊತ್ತಿಗೆ ಪಂಪ್ ಶುರುವಾಗಿರುತ್ತೆ.

ಅಕ್ಕ: ಹಾಗಾದ್ರೆ ನಾಡಿದ್ದು ಅವರು ಬಂದಾಗ ಕೇಳು. ಕೆಂಪು ಬಂದದ್ದು ಯಾರ್ಯಾರ ಫೋನಿಗೆ ಹೋಗುತ್ತೆ? ನಿನ್ನೊಬ್ಬನಿಗೇ ಹೋದ್ರೆ ಅದು ನಿನ್ನ ಕುತ್ತಿಗೆಗೆ. ನಾಳೆ ಏನಾದ್ರೂ ಆದ್ರೆ, ಸೇಫ್ಟಿ ಆಫೀಸರಿಗೆ ಮೊದಲೇ ಗೊತ್ತಿತ್ತು ಅಂತ ಅದೇ ಸ್ಕ್ರೀನನ್ನ ಪೊಲೀಸರಿಗೆ ತೋರಿಸ್ತಾರೆ. ಮ್ಯಾನೇಜರಿಗೆ, ಸ್ಟ್ರಕ್ಚರಲ್ ಎಂಜಿನಿಯರಿಗೆ, ಕಟ್ಟಡದ ಮಾಲೀಕರಿಗೆ ಒಂದೇ ಹೊತ್ತಿಗೆ ಹೋಗಬೇಕು. ಕೆಂಪಿದ್ದರೂ ಕೆಲಸ ಮುಂದುವರಿಸಿದ್ರೆ, ಮುಂದುವರಿಸಿದವರು ಯಾರು ಅಂತ ಹೆಸರು ಬರೆಯೋ ಕಾಲಂ ಇರಬೇಕು.

ತಮ್ಮ: ಆ ಕಾಲಂ ಅವರ ಡೆಮೊದಲ್ಲಿ ಇರಲಿಲ್ಲ.

ಅಕ್ಕ: ಇರಲ್ಲ. ಕೊಳ್ಳೋರು ಅದನ್ನ ಕೇಳಿರಲ್ಲ.

ತಮ್ಮ: ಇನ್ನೊಂದು ಇದೆ ಅಕ್ಕ, ನೀನು ಇನ್ಶೂರೆನ್ಸ್ ಕುರ್ಚಿಯಲ್ಲಿ ಕೂತವಳು, ನಿನಗೆ ಕಾಣಲ್ಲ. ನಿಲ್ಲಿಸಿದ ದಿನ ಮೊದಲು ಜಗಳಕ್ಕೆ ಬರೋನು ಮ್ಯಾನೇಜರ್ ಅಲ್ಲ, ಸೆಂಟ್ರಿಂಗ್ ಹುಡುಗರು. ಅವರದು ಅಡಿ ಲೆಕ್ಕ. ಕೆಲಸ ನಿಂತ್ರೆ ಆ ದಿನ ಸೊನ್ನೆ. ಊರಿಗೆ ದುಡ್ಡು ಕಳಿಸೋದು ತಪ್ಪುತ್ತೆ. ಅವರೇ ನನ್ನ ಮುಂದೆ ಬಂದು, 'ಸರ್, ನಾವು ಇಂಥದ್ದು ಎಷ್ಟೋ ನೋಡಿದ್ದೀವಿ, ಬಿಡಿ' ಅಂತಾರೆ. ಯಂತ್ರ ನಿಜವೇ ಹೇಳಿರಲಿ, ಅವರ ಪಾಲಿಗೆ ಅದು ಕೂಲಿ ಕಿತ್ತುಕೊಳ್ಳೋ ಯಂತ್ರ.

ಅಕ್ಕ: ಇದನ್ನ ನಾನು ಯೋಚನೆ ಮಾಡಿರಲಿಲ್ಲ. ಎಷ್ಟು ಜನರ ಗ್ಯಾಂಗು?

ತಮ್ಮ: ನಲವತ್ತು.

ಅಕ್ಕ: ದಿನಕ್ಕೆ?

ತಮ್ಮ: ತಲೆಗೆ ಒಂಬೈನೂರು ಬೀಳುತ್ತೆ ಅಂತಿಟ್ಕೋ.

ಅಕ್ಕ: ಮೂವತ್ತಾರು ಸಾವಿರ. ನಿಜಕ್ಕೂ ನಿಲ್ಲಿಸಬೇಕಾಗಿ ಬರೋದು ವರ್ಷಕ್ಕೆ ಮೂರು ದಿನ, ಐದೇ ಆಗ್ಲಿ ಬಿಡು. ಒಂದು ಲಕ್ಷದ ಎಂಬತ್ತು ಸಾವಿರ. ಕ್ಯಾಮೆರಾದವರು ಎಷ್ಟು ಕೇಳ್ತಿದ್ದಾರೆ?

ತಮ್ಮ: ತಿಂಗಳಿಗೆ ಎರಡು ಲಕ್ಷ.

ಅಕ್ಕ: ಕೆಂಪು ಬಂದು ಕೆಲಸ ನಿಂತ ದಿನದ ಕೂಲಿ ಪೂರ್ತಿ ಕೊಡ್ತೀವಿ ಅಂತ ಕಾಂಟ್ರಾಕ್ಟಿನಲ್ಲಿ ಒಂದು ಸಾಲು ಹಾಕಿಸೋಕೆ ಆಗುತ್ತಾ?

ತಮ್ಮ: ಮ್ಯಾನೇಜರ್ ಹೌಹಾರ್ತಾರೆ. ಆದ್ರೆ ಆ ಸಾಲು ಇದ್ರೆ ಹುಡುಗರೇ ಬಂದು ಹೇಳ್ತಾರೆ, ಸರ್ ಅಲ್ಲಿ ಜಾಕ್ ಬಿಚ್ಚಿದ್ದಾರೆ ಅಂತ. ಬೇಕಾದ್ರೆ ಸುಮ್ಮನೆ ರಜಾ ಸಿಗಲಿ ಅಂತಾನೂ ಹೇಳಿಯಾರು ಕಳ್ಳರು. ಹೇಳಲಿ, ಮೇಲೆ ಹೋಗಿ ನೋಡೋಕೆ ಅರ್ಧ ಗಂಟೆ. ನಾನು ಪ್ರಪೋಸಲಿಗೆ ಇದನ್ನೇ ಮೊದಲು ಬರೀತೀನಿ. ಎರಡನೇದು, ಇನ್ನೂ ಮುನ್ನೂರು ಜಾಕು ಬಾಡಿಗೆಗೆ. ಕ್ಯಾಮೆರಾ ಮೂರನೇ ಪುಟಕ್ಕೆ ಇರಲಿ.